ಪಾದ ನೋಡಿ ಕೊಟ್ಟ ಕಷಾಯ

ಕಪರ್ದಿ ಗುರುಗಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗುರು ಎಂದರೆ ಸದಾ ಕಣ್ಣು ಮುಚ್ಚಿ ಮುಗುಳ್ನಗುವವನು ಎಂದುಕೊಂಡವರು ಈ ಕಥೆಯನ್ನು ಇಲ್ಲಿಗೇ ಬಿಡಬಹುದು. ಅಂಥ ಗುರುಗಳನ್ನು ಕಂಡರೆ ನನಗೂ ಅಷ್ಟಕ್ಕಷ್ಟೆ.

ಹಿಮದ ಬೆಟ್ಟಗಳ ನಡುವೆ, ಹೊಳೆಯ ದಂಡೆಯಲ್ಲಿ ಅವರ ಆಶ್ರಮ. ಅವರು ವೈದ್ಯರು. ಅಲ್ಲಿ ಅಡುಗೆಗೂ ಔಷಧಿಗೂ ಒಂದೇ ಒಲೆ.

ಆಶ್ರಮದ ಸುತ್ತ ಹಪುಷದ ಪೊದೆಗಳು. ಈಗಿನವರು ಜುನಿಪರ್ ಎನ್ನುತ್ತಾರಲ್ಲ, ಅದೇ. ಸೂಜಿಯಂಥ ಎಲೆ, ಬಟಾಣಿಗಿಂತ ಚಿಕ್ಕ ಕಾಯಿ. ಒಂದೇ ಟೊಂಗೆಯಲ್ಲಿ ಈ ವರ್ಷದ ಹಸಿರು ಕಾಯಿಯೂ ಇರುತ್ತದೆ, ಕಪ್ಪುನೀಲಿಗೆ ತಿರುಗಿದ ಹಳೆಯ ಹಣ್ಣೂ ಇರುತ್ತದೆ. ಹಣ್ಣನ್ನು ಮಾತ್ರ ಒಂದೊಂದಾಗಿ ಬಿಡಿಸಬೇಕು. ಬಿಡಿಸಿದವನ ಬೆರಳು ಸಂಜೆಯವರೆಗೂ ಉರಿಯುತ್ತದೆ.

ಮೂರು ಹಣ್ಣು ಜಜ್ಜಿ ಉದ್ದಿನ ಬೇಳೆಯ ಸಾರಿಗೆ ಹಾಕಿದರೆ ಅದು ಊಟ. ಸಾರಿಗೆ ಘಮ, ಹೊಟ್ಟೆಯುಬ್ಬರಕ್ಕೆ ಶಮನ. ಒಂದು ಹಿಡಿ ಜಜ್ಜಿ ಕುದಿಸಿ ಇಳಿಸಿದರೆ ಅದು ಔಷಧಿ. ಮೈಯಲ್ಲಿ ನಿಂತ ನೀರು ಮೂತ್ರವಾಗಿ ಹರಿದುಹೋಗುತ್ತದೆ. ಯಾರಿಗೆ ಎಂದು ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದೇ ಈ ಕಥೆ.

ಕೊಟ್ಟವನು ದೇವರಾತ. ಗುರುಗಳ ಹಿರಿಯ ಶಿಷ್ಯ. ಆರು ವರ್ಷ ಕಲಿತಿದ್ದ. ಜಾಣ, ಮತ್ತು ತಾನು ಜಾಣ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಒಬ್ಬ ಮುದುಕ ಮೈಯೆಲ್ಲ ಊದಿಕೊಂಡು ಆಶ್ರಮಕ್ಕೆ ಬಂದಿದ್ದ. ಗುರುಗಳು ಹಪುಷದ ಕಷಾಯ ಕೊಟ್ಟರು. ಹೊತ್ತು ತಂದವರ ಹೆಗಲಿಗೆ ಕೆಲಸವಿಲ್ಲದಂತೆ ಮುದುಕ ಹತ್ತೇ ದಿನದಲ್ಲಿ ಎದ್ದು ನಡೆದುಹೋದ. ಅಂದಿನಿಂದ ದೇವರಾತನಿಗೆ ಕಂಡವರಿಗೆಲ್ಲ ಹಪುಷ ಕುಡಿಸುವ ಆಸೆ.

ಇಂಥವರು ನಿಮಗೂ ಗೊತ್ತಿರುತ್ತಾರೆ. ಒಂದು ಬೇರು, ಒಂದು ಸೊಪ್ಪು ಕೆಲಸ ಮಾಡಿದ್ದನ್ನು ಒಮ್ಮೆ ಕಂಡುಬಿಟ್ಟರೆ ಸಾಕು, ಸಿಕ್ಕಸಿಕ್ಕವರ ಬಾಯಿಗೆ ತುರುಕುತ್ತಾರೆ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೊಳೆಯಾಚೆ ಯಾರದೋ ಮೂಳೆ ಮುರಿದಿತ್ತು. ಗುರುಗಳು ಕಟ್ಟು ಹಾಕಲು ಹೋಗಿ ನಾಲ್ಕು ದಿನಕ್ಕೆ ಹಿಂತಿರುಗಿದರು. ಬೆಳಗಿನ ಹೊತ್ತು. ಕೈಕಾಲು ತೊಳೆದು ಅಡುಗೆಮನೆಗೆ ಬಂದವರು ಹಪುಷದ ಭರಣಿಯ ಮುಚ್ಚಳ ತೆಗೆದರು.

“ಅರ್ಧ ಭರಣಿ ಎಲ್ಲಿ ಹೋಯ್ತು?”

“ಔಷಧಿಗೆ ಕೊಟ್ಟೆ, ಗುರುಗಳೇ.” ದೇವರಾತ ಹೊಗಳಿಕೆಗೆ ಕಾದವನಂತೆ ನಿಂತಿದ್ದ. “ಮೊನ್ನೆ ಬೆಳಿಗ್ಗೆ ಮೇಲಿನ ಹುಲ್ಲುಗಾವಲಿನಿಂದ ಕುರಿಗಾಹಿ ಬಿಂದ್ರು ಬಂದಿದ್ದ. ಜೊತೆಗೆ ಅವನ ಸೊಸೆ. ಕಾಲಿಗೆ ಊತ. ಏಳು ದಿನಕ್ಕಾಗುವಷ್ಟು ಕಟ್ಟಿಕೊಟ್ಟೆ. ಹೊತ್ತಿಗೆ ಒಂದು ಹಿಡಿ, ದಿನಕ್ಕೆ ಎರಡು ಹೊತ್ತು.”

“ಊತ ಬಂದು ಎಷ್ಟು ದಿನ?”

“ಹತ್ತು ದಿನ ಅಂತ ಮಾವ ಹೇಳಿದ.”

“ಮುಖ ಊದಿತ್ತಾ?”

“ನೋಡಲಿಲ್ಲ.”

“ಕಣ್ಣಿನ ಬಣ್ಣ?”

“ನೋಡಲಿಲ್ಲ, ಗುರುಗಳೇ.”

“ಮತ್ತೆ ನೋಡಿದ್ದಾದ್ರೂ ಏನು?”

“ಪಾದ.”

ಆಶ್ರಮದಲ್ಲಿ ಒಂದು ನಿಯಮವಿತ್ತು. ಬ್ರಹ್ಮಚಾರಿಗಳು ಹೆಂಗಸರ ಮುಖ ನೋಡಕೂಡದು, ಅವರೊಡನೆ ನೇರವಾಗಿ ಮಾತಾಡಕೂಡದು. ಹೆಂಗಸು ರೋಗಿಯಾಗಿ ಬಂದರೆ ಜೊತೆಗೆ ಬಂದ ಗಂಡಸನ್ನು ಕೇಳಬೇಕು, ಕಣ್ಣು ನೆಲದ ಮೇಲಿರಬೇಕು. ಗುರುಗಳೇ ಮಾಡಿದ ನಿಯಮ. ತಮಗೆ ಅರವತ್ತು ದಾಟಿದೆ ಎಂದು ತಮ್ಮನ್ನು ಮಾತ್ರ ಅದರಿಂದ ಬಿಡಿಸಿಕೊಂಡಿದ್ದರು.

“ಪಾದವನ್ನು ಚೆನ್ನಾಗಿಯೇ ನೋಡಿದೆ, ಗುರುಗಳೇ. ಬೆರಳಿನಿಂದ ಒತ್ತಲು ಅವಳ ಮಾವನಿಗೆ ಹೇಳಿದೆ. ಒತ್ತಿದಲ್ಲಿ ಗುಳಿ ಬಿತ್ತು. ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು.”

“ಕಾಲುಂಗುರ ಇತ್ತಾ?”

“ಹೊಸದು. ಇನ್ನೂ ಹೊಳೀತಿತ್ತು.”

ಗುರುಗಳ ಮುಖ ಕೆಂಪಾಯಿತು. “ಅಂದ್ರೆ ಮದುವೆಯಾಗಿ ತುಂಬಾ ದಿನ ಆಗಿಲ್ಲ. ಸಣ್ಣ ವಯಸ್ಸಿನವಳು. ಕಾಲು ಊದಿದೆ. ಇಷ್ಟೆಲ್ಲ ಕಂಡಿತು ನಿನಗೆ. ಮುಟ್ಟು ನಿಂತು ಎಷ್ಟು ತಿಂಗಳಾಯ್ತು ಅಂತ ಕೇಳಿದೆಯಾ?”

“ಗುರುಗಳೇ!” ದೇವರಾತ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ.

“ಕೇಳಿದೆಯಾ?”

“ನಾನು ಹೇಗೆ ಕೇಳಲಿ?”

“ಹಪುಷ ಗರ್ಭವನ್ನು ಹಿಂಡುತ್ತೆ ಕಣೋ! ಆರು ವರ್ಷದಿಂದ ಹೇಳ್ತಿದ್ದೀನಿ. ಬಸುರಿಗೆ ಹಪುಷ ಇಲ್ಲ, ಮೂತ್ರಪಿಂಡ ಕೆಟ್ಟವನಿಗೆ ಹಪುಷ ಇಲ್ಲ. ನಿನ್ನ ಬಾಯಲ್ಲೇ ಎಷ್ಟು ಸಲ ಹೇಳಿಸಿದ್ದೀನಿ!”

ಗುರುಗಳ ಕೈಯಲ್ಲಿದ್ದ ಭರಣಿ ಗೋಡೆಗೆ ಬಡಿದು ಚೂರಾಯಿತು. ಅಡುಗೆಮನೆಯ ತುಂಬ ಹಣ್ಣು ಉರುಳಾಡಿದವು. ದೇವರಾತ ಆರಿಸಲು ಬಗ್ಗಿದ.

“ಬಿಡು ಅದನ್ನ! ಕಂಬಳಿ ತಗೋ. ನಡಿ!”

ಹುಲ್ಲುಗಾವಲು ಅರ್ಧ ದಿನದ ಏರು. ಗುರುಗಳು ಆಗತಾನೆ ನಡೆದು ಬಂದ ಕಾಲಲ್ಲೇ ಹೊರಟರು. ಬಯ್ಯುತ್ತಲೇ ಹತ್ತಿದರು. ಉಸಿರು ಕಟ್ಟಿದಾಗ ನಿಂತು ಬಯ್ದರು.

“ಅವಳು ಒಂದು ಹೊತ್ತು ಕುಡಿದಿದ್ರೆ ಪಾರಾಗಬಹುದು. ಮೂರು ನಾಲ್ಕು ಹೊತ್ತು ಕುಡಿದಿದ್ರೆ ಮಗುವೂ ಹೋದೀತು, ತಾಯಿಯೂ ಹೋದಾಳು. ನಿನ್ನ ಪಾಠ, ನಿನ್ನ ಶ್ಲೋಕ, ಎಲ್ಲಾ ಒಲೆಗೆ ಹಾಕು!”

ದೇವರಾತ ತಲೆ ತಗ್ಗಿಸಿ ನಡೆದ.

“ಕತ್ತೆ ಕೂಡ ಮುಂದಿರೋ ಮುಳ್ಳು ನೋಡಿ ಬಾಯಿ ಹಾಕುತ್ತೆ!”

ದೇವರಾತ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

“ನೆಲ ನೋಡ್ಕೊಂಡು ಯಾವನಾದ್ರೂ ವೈದ್ಯ ಮಾಡ್ತಾನೇನೋ?”

ಆಗ ದೇವರಾತ ನಿಂತುಬಿಟ್ಟ. ಆರು ವರ್ಷದಲ್ಲಿ ಅವನು ಗುರುಗಳಿಗೆ ಎದುರು ಮಾತಾಡಿರಲಿಲ್ಲ.

“ನೆಲ ನೋಡು ಅಂದವರು ಯಾರು, ಗುರುಗಳೇ?”

ಗುರುಗಳು ತಿರುಗಿದರು.

“ಮೊದಲ ವರ್ಷ ಒಬ್ಬ ಹೆಂಗಸಿಗೆ ನೀರು ಕೊಡುವಾಗ ಮುಖ ನೋಡಿದೆ ಅಂತ ನನ್ನನ್ನು ಮೂರು ದಿನ ಉಪವಾಸ ಕೆಡವಿದವರು ಯಾರು? ಮುಟ್ಟು ಅನ್ನೋ ಪದ ಪುಸ್ತಕದಲ್ಲಿ ಬಂದಾಗ ಮುಂದೆ ಓದು ಅಂದವರು ಯಾರು? ಕೇಳಬೇಡ ಅಂತ ಕಲಿಸಿದಿರಿ. ಈಗ ಯಾಕೆ ಕೇಳಲಿಲ್ಲ ಅಂತ ಭರಣಿ ಒಡೀತೀರಿ. ನಾನು ಯಾವುದನ್ನು ಮಾಡಲಿ, ನೀವೇ ಹೇಳಿ!”

ಗುರುಗಳ ಕೈ ಮೇಲೆದ್ದಿತ್ತು. ಹೊಡೆದೇ ಬಿಡುತ್ತಾರೆ ಎಂದು ದೇವರಾತ ಕಣ್ಣು ಮುಚ್ಚಿದ.

ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಗುರುಗಳು ಆಗಲೇ ಇಪ್ಪತ್ತು ಹೆಜ್ಜೆ ಮೇಲಿದ್ದರು. ಅಲ್ಲಿಂದ ಮುಂದೆ ಅವರು ಒಂದು ಮಾತೂ ಬಯ್ಯಲಿಲ್ಲ. ಶಿಷ್ಯನಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮಧ್ಯಾಹ್ನ ದಾಟಿದ ಮೇಲೆ ಹುಲ್ಲುಗಾವಲು ಬಂತು. ಕಲ್ಲಿನ ಒಂದು ಗುಡಿಸಲು, ಪಕ್ಕಕ್ಕೆ ಕಲ್ಲುಗೋಡೆಯ ಕುರಿದೊಡ್ಡಿ. ಬಿಂದ್ರು ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದ. ಗುರುಗಳನ್ನು ಕಂಡವನೇ ಓಡಿಬಂದು ಕಾಲಿಗೆ ಬಿದ್ದ.

“ಸ್ವಾಮಿ! ನೀವೇ ಬಂದ್ರಾ! ನಮ್ಮ ತಪ್ಪು ನಿಮಗೆ ಅಲ್ಲೇ ಗೊತ್ತಾಗಿಬಿಡ್ತಾ?”

“ಏನು ತಪ್ಪು? ನಿನ್ನ ಸೊಸೆ ಎಲ್ಲಿ?”

“ಪಾಪ ಮಾಡಿದ್ಳು ಸ್ವಾಮಿ. ನಿಮ್ಮ ಪ್ರಸಾದ ಚೆಲ್ಲಿದ್ಳು. ಮೊನ್ನೆ ಸಂಜೆ ಒಂದು ಬಟ್ಟಲು ನಾನೇ ಎದುರು ನಿಂತು ಕುಡಿಸಿದೆ. ನಿನ್ನೆ ಬೆಳಿಗ್ಗೆ ಎರಡನೇ ಬಟ್ಟಲನ್ನ ನನ್ನ ಕಣ್ಣೆದುರೇ ನೆಲಕ್ಕೆ ಸುರಿದ್ಳು. ಆಶ್ರಮಕ್ಕೆ ತಪ್ಪುಗಾಣಿಕೆ ಒಪ್ಪಿಸ್ತೀನಿ ಅನ್ನೋವರೆಗೂ ಒಳಗೆ ಬರಬೇಡ ಅಂತ ದೊಡ್ಡಿಗೆ ಕಳಿಸಿದ್ದೀನಿ.”

“ದೊಡ್ಡಿಗಾ? ನಿನ್ನೆಯಿಂದಾನಾ?”

“ಹೌದು ಸ್ವಾಮಿ.” ಅವನ ದನಿಯಲ್ಲಿ ಹೆಮ್ಮೆಯಿತ್ತು. “ಮಗ ಕುರಿ ಹೊಡ್ಕೊಂಡು ಮೇಲೆ ಹೋಗಿದ್ದಾನೆ. ಮನೆ ಮರ್ಯಾದೆ ನಾನೇ ನೋಡ್ಕೋಬೇಕಲ್ಲ.”

ಗುರುಗಳು ಬಾಗಿಲ ಬಳಿ ನೇತುಹಾಕಿದ್ದ ಹಪುಷದ ಗಂಟನ್ನು ಕಿತ್ತರು. ಒಂದು ಹಿಡಿ ತೆಗೆದು ಅವನ ಮುಂದೆ ಚಾಚಿದರು.

“ತಿನ್ನು.”

ಬಿಂದ್ರು ಯಾಕೆ ಎಂದು ಕೇಳಲಿಲ್ಲ. ಕಣ್ಣು ಮುಚ್ಚಿ, ಕೈಮುಗಿದು, ತೀರ್ಥಕ್ಕೆ ತೆರೆದಂತೆ ಬಾಯಿ ತೆರೆದ.

ಗುರುಗಳು ಕೈ ಹಿಂದಕ್ಕೆ ಎಳೆದುಕೊಂಡರು. ಹಣ್ಣನ್ನು ಅವನ ತಲೆಯ ಮೇಲಿಂದ ಬೀಸಿ ಎಸೆದರು.

“ನಾನು ಕೊಟ್ರೆ ಏನನ್ನಾದ್ರೂ ತಿಂತೀಯಾ?”

“ತಿಂತೀನಿ ಸ್ವಾಮಿ.”

“ಸೊಸೆಗೂ ತಿನ್ನಿಸ್ತೀಯಾ?”

“ನಿಮ್ಮ ಮಾತು ಮೀರೋದುಂಟೇ?”

“ಥೂ ನಿನ್ನ ಭಕ್ತಿಗೆ!”

ನನ್ನನ್ನು ಕೇಳಿದರೆ ಆ ಕ್ಷಣದಲ್ಲಿ ಅವನಿಗೆ ಎರಡು ಬಾರಿಸಬೇಕಿತ್ತು. ಆದರೆ ಗುರುಗಳಿಗೆ ಪುರುಸೊತ್ತಿರಲಿಲ್ಲ. ಅವರು ಆಗಲೇ ದೊಡ್ಡಿಯ ಕಡೆ ಓಡುತ್ತಿದ್ದರು.

ಸೊಸೆ ಗೌರಾ ಗೋಡೆಗೆ ಒರಗಿ ಕುಳಿತಿದ್ದಳು. ಇಪ್ಪತ್ತರ ಹುಡುಗಿ. ದಪ್ಪ ಕಂಬಳಿ ಹೊದ್ದಿದ್ದಳು. ಎರಡು ಕುರಿಗಳನ್ನು ಮೈಗೆ ಒತ್ತಿಕೊಂಡು ಚಳಿ ತಡೆದಿದ್ದಳು. ತುಟಿ ಒಡೆದಿತ್ತು. ಕಂಬಳಿಯೊಳಗೆ ಎರಡೂ ಕೈ ಹೊಟ್ಟೆಯ ಮೇಲಿದ್ದವು.

ಗುರುಗಳು ಗೊಬ್ಬರದ ನೆಲದಲ್ಲೇ ಮಂಡಿಯೂರಿದರು.

“ಎಷ್ಟು ತಿಂಗಳಮ್ಮಾ?”

“ಐದು.”

ದೇವರಾತ ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ. ಆ ಒಂದು ಪದ ಕೇಳಿ ಗೋಡೆಯ ಕಲ್ಲು ಹಿಡಿದುಕೊಂಡ.

“ನೋವಿದೆಯಾ?”

“ನಿನ್ನೆ ಇತ್ತು. ಹಿಂಡಿದ ಹಾಗೆ. ಈಗ ಕಮ್ಮಿ.”

“ರಕ್ತ?”

“ಒಂದಿಷ್ಟು. ನಿನ್ನೆಯೇ ನಿಂತಿತು.”

“ಮಗು?”

ಗೌರಾ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. “ಹದಿನೈದು ದಿನದಿಂದ ಮಿಸುಕ್ತಿತ್ತು. ನಿನ್ನೆಯಿಂದ ಇಲ್ಲ.”

ಗುರುಗಳು ಅವಳ ನಾಡಿ ಹಿಡಿದು ಬಹಳ ಹೊತ್ತು ಕುಳಿತರು. ಆಮೇಲೆ ಎದ್ದು ಒಂದೇ ಸಮನೆ ಕೂಗಿದರು. ಗುಡಿಸಲಲ್ಲಿ ಬೆಂಕಿ ದೊಡ್ಡದು ಮಾಡಬೇಕು, ಆಡಿನ ಹಾಲು ಕಾಯಿಸಬೇಕು, ಜವೆಗೋಧಿಯ ಗಂಜಿಗೆ ತುಪ್ಪ ಹಾಕಬೇಕು. ಬಿಂದ್ರು ಹಾಸಿಗೆ ಹಾಸಿದ. ದೇವರಾತ ಸೌದೆ ತಂದ, ನೀರು ತಂದ. ಎಲ್ಲವನ್ನೂ ನೆಲ ನೋಡುತ್ತಲೇ ಮಾಡಿದ.

ಗೌರಾಳನ್ನು ಒಳಗೆ ತಂದು ಎಡಮಗ್ಗುಲಿಗೆ ಮಲಗಿಸಿದರು. ಬಿಸಿ ಗಂಜಿ ನಾಲ್ಕು ಗುಟುಕು ಒಳಗೆ ಹೋದ ಮೇಲೆ ಅವಳಿಗೆ ಮಾತಾಡುವ ಶಕ್ತಿ ಬಂತು. ಬಂದದ್ದೇ ಸಿಟ್ಟು.

“ನನಗೆ ಆ ಹಣ್ಣು ಗೊತ್ತಿಲ್ಲ ಅಂದ್ಕೊಂಡ್ರಾ ಸ್ವಾಮಿ? ನಾವು ಅದಕ್ಕೆ ಧೂಪಿ ಅಂತೀವಿ. ನಮ್ಮವ್ವ ಕುರಿ ಮಾಂಸಕ್ಕೆ ಹಾಕ್ತಾಳೆ. ಕೊಬ್ಬಿನ ಮಾಂಸ ಅದಿಲ್ದೆ ಅರಗಲ್ಲ. ಮನೇಲಿ ಬಸುರಿ ಇದ್ರೆ ಅವಳಿಗೆ ಬೇರೆ ಪಾತ್ರೇಲಿ ಬೇಯಿಸ್ತಾರೆ. ಇದು ನಮ್ಮಲ್ಲಿ ಎಲ್ಲಾ ಹೆಂಗಸರಿಗೂ ಗೊತ್ತು. ಸಣ್ಣ ಹುಡುಗಿಯರಿಗೂ ಗೊತ್ತು.”

“ಮತ್ತೆ ಆಶ್ರಮದಲ್ಲಿ ಹೇಳಬೇಕಿತ್ತಲ್ಲಮ್ಮಾ.”

“ಹೇಳೋಕೆ ಬಾಯಿ ತೆರೆದೆ!” ಅವಳು ಮೊಣಕೈ ಊರಿ ಎದ್ದಳು. ಬೆರಳು ದೇವರಾತನ ಕಡೆ ಚಾಚಿತ್ತು. “ಇವನು ಕೈ ಅಡ್ಡ ಹಿಡಿದ. ನೊಣ ಓಡಿಸಿದ ಹಾಗೆ. ನನ್ನ ಕಾಲಿನ ಬಗ್ಗೆ ನನ್ನ ಮಾವನ ಹತ್ರ ಕೇಳಿದ. ಕಾಲು ನಂದು! ಹೊಟ್ಟೆ ನಂದು! ನಾನು ಅಲ್ಲೇ ನಿಂತಿದ್ದೆ, ಒಂದು ಮಾರು ದೂರದಲ್ಲಿ!”

ಗುರುಗಳು ಶಿಷ್ಯನ ಕಡೆ ನೋಡಿದರು. “ಕೈ ಅಡ್ಡ ಹಿಡಿದೆಯಾ?”

ದೇವರಾತ ಆ ಗಳಿಗೆಯನ್ನು ಮರೆತೇಬಿಟ್ಟಿದ್ದ. ಈಗ ನೆನಪಾಯಿತು. ನಾಚಿಕೆಯಿಂದ ಅವನ ಕಿವಿ ಸುಟ್ಟಿತು.

“ಹಿಡಿದೆ, ಗುರುಗಳೇ.”

“ನೀನು ಯಾಕೆ ಹೇಳಲಿಲ್ಲ?” ಗುರುಗಳು ಬಿಂದ್ರುವಿನ ಕಡೆ ತಿರುಗಿದರು.

“ಬ್ರಹ್ಮಚಾರಿಗಳ ಎದುರು ಅಂಥ ಮಾತು ಆಡೋದು ಹೇಗೆ ಸ್ವಾಮಿ? ಹಣ್ಣು ಬೇಡ ಅಂತ ಇವಳು ದಾರಿ ಉದ್ದಕ್ಕೂ ಹೇಳಿದ್ಳು. ಆಶ್ರಮದವರಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂತ ಗದರಿಸಿದೆ.”

“ಗೊತ್ತಿತ್ತು!” ಎಂದಳು ಗೌರಾ. “ಜಾಸ್ತಿಯೇ ಗೊತ್ತಿತ್ತು! ಗೊತ್ತಿದ್ದೂ ಒಂದು ಬಟ್ಟಲು ಕುಡಿದೆ. ಈ ಮನುಷ್ಯ ಬಟ್ಟಲು ಹಿಡ್ಕೊಂಡು ತಲೆ ಮೇಲೆ ನಿಂತಿದ್ದ. ನಾನು ಕುಡಿದೆ. ನನ್ನ ಮಗುವಿಗೆ ನಾನೇ…”

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಗುಡಿಸಲಲ್ಲಿ ಮೂವರು ಗಂಡಸರಿದ್ದರು. ಹೇಳಬೇಕಾದ ಹೊತ್ತಿನಲ್ಲಿ ಬಾಯಿ ಬಿಡದವರಿಗೆ ಆಮೇಲೆ ಹೇಳಲು ಏನು ಉಳಿದಿರುತ್ತದೆ?

ಬಿಸಿಲು ಇಳಿಯತೊಡಗಿತು. ಗುರುಗಳು ಮೂರು ಸಲ ನಾಡಿ ನೋಡಿದರು. ಮೂರನೆಯ ಸಲ ಅವಳ ಕೈ ಬಿಡದೆ ಹಾಗೇ ಕುಳಿತರು. ಬಿಂದ್ರು ಯಾವುದೋ ದೇವರ ಹೆಸರು ಮಣಮಣ ಎನ್ನುತ್ತಿದ್ದ.

“ಸುಮ್ಮನಿರು,” ಎಂದರು ಗುರುಗಳು.

ಎದುರು ಬೆಟ್ಟದ ನೆರಳು ಹುಲ್ಲುಗಾವಲಿಗೆ ಬಂದ ಹೊತ್ತಿಗೆ ಗೌರಾಳ ಮೈ ಬಿಗಿಯಿತು. ಅವಳು ಉಸಿರು ಹಿಡಿದಳು. ಕೈ ಹೊಟ್ಟೆಯ ಕೆಳಗೆ ಸರಿಯಿತು.

“ನೋವಾ?” ಎಂದರು ಗುರುಗಳು.

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಕಾದಳು. ಮತ್ತೊಮ್ಮೆ.

“ಒದೀತು,” ಎಂದಳು. “ಸ್ವಾಮಿ, ಒದೀತು.”

ಅವಳು ದನಿ ತೆಗೆದು ಅತ್ತಳು. ಬಿಂದ್ರು ಉಣ್ಣೆಯ ಟೋಪಿ ತೆಗೆದು ಮುಖ ಮುಚ್ಚಿಕೊಂಡ. ದೇವರಾತ ಹೊರಗೆ ಹೋಗಿ ಕಲ್ಲಿನ ಮೇಲೆ ಕುಸಿದು ಕುಳಿತ.

ಗುರುಗಳು ಎದ್ದು ನಿಂತು ಗೌರಾಳಿಗೆ ಕೈಮುಗಿದರು. ಅರವತ್ತು ದಾಟಿದವರು, ಇಪ್ಪತ್ತರ ಹುಡುಗಿಗೆ. ಬಿಂದ್ರು ಗಾಬರಿಯಿಂದ ಅವರ ಕೈ ಹಿಡಿಯಲು ಬಂದ. ಗುರುಗಳು ಅವನನ್ನು ದೂರ ತಳ್ಳಿದರು.

“ಅಮ್ಮಾ, ಕೈ ಅಡ್ಡ ಹಿಡಿದವನು ಅವನು. ಹಾಗೆ ಹಿಡಿಯೋಕೆ ಕಲಿಸಿದವನು ನಾನು. ಆ ನಿಯಮ ನಂದು. ನನ್ನನ್ನು ಕ್ಷಮಿಸು.”

ಅಯ್ಯೋ ಹಾಗೆನ್ನಬೇಡಿ ಎಂದು ಅವಳು ಹೇಳುತ್ತಾಳೆ ಎಂದುಕೊಂಡಿರಾ? ಗೌರಾ ಹಾಗೆ ಹೇಳಲಿಲ್ಲ.

“ನಿಮ್ಮದೇ ತಪ್ಪು ಸ್ವಾಮಿ,” ಎಂದಳು. “ಕ್ಷಮಿಸೋದು ಬಿಡೋದು ಹೆತ್ತ ಮೇಲೆ ಹೇಳ್ತೀನಿ.”

“ಸರಿಯಮ್ಮಾ.”

“ಮಾವ ಇನ್ನು ನನ್ನ ತಲೆ ಮೇಲೆ ಬಟ್ಟಲು ಹಿಡ್ಕೊಂಡು ನಿಲ್ಲಬಾರದು.”

“ಕೇಳಿಸ್ತೇನೋ?” ಎಂದು ಗುರುಗಳು ಬಿಂದ್ರುವಿನ ಮೇಲೆ ಗುಡುಗಿದರು.

“ಕೇಳಿಸ್ತು ಸ್ವಾಮಿ.”

“ನನಗೆ ಹೇಳಬೇಡ. ಅವಳಿಗೆ ಹೇಳು.”

ಬಿಂದ್ರು ಟೋಪಿ ಹಿಸುಕುತ್ತ ಸೊಸೆಯ ಮುಂದೆ ನಿಂತ. “ನಿಲ್ಲಲ್ಲಮ್ಮಾ,” ಎಂದ. ಅವಳು ಗಂಜಿಯ ಬಟ್ಟಲನ್ನು ಅವನ ಕೈಗೆ ಕೊಟ್ಟು ಇನ್ನಷ್ಟು ತರಲು ಹೇಳಿದಳು.

ಗುರುಗಳು ಅಲ್ಲೇ ಎರಡು ದಿನ ಇದ್ದರು. ಮಗು ಚೆನ್ನಾಗಿ ಮಿಸುಕಾಡುತ್ತಿದೆ, ಕಾಲಿನ ಊತ ಮಲಗಿದ್ದರಿಂದಲೇ ಇಳಿಯುತ್ತಿದೆ ಎಂದು ಗೊತ್ತಾದ ಮೇಲೆ ಮೂರನೆಯ ಬೆಳಿಗ್ಗೆ ಹೊರಟರು. ಹೊರಡುವ ಮುಂಚೆ ಬಸುರಿಗೆ ಬೇರೆ ಪಾತ್ರೆಯಲ್ಲಿ ಇನ್ನೇನೇನು ಬೇಯಿಸುತ್ತಾರೆ, ಏನೇನು ಬಿಡುತ್ತಾರೆ ಎಂದು ಗೌರಾಳನ್ನು ಕೇಳಿ ತಿಳಿದುಕೊಂಡರು. ಅವಳು ಸಿಡುಕುತ್ತಲೇ ಹೇಳಿದಳು. ಅವರಿಗೆ ಗೊತ್ತಿಲ್ಲದ್ದು ಅದರಲ್ಲಿ ನಾಲ್ಕಾರು ಇತ್ತು.

ಆ ಎರಡು ದಿನವೂ ದೇವರಾತ ಸೌದೆ ಒಡೆದ, ದೊಡ್ಡಿ ಗುಡಿಸಿದ, ಹಾಲು ಕಾಯಿಸಿದ. ಗೌರಾಳ ಕಡೆ ಕಣ್ಣೆತ್ತಲಿಲ್ಲ. ಮೊದಲು ನಿಯಮಕ್ಕೆ ಹೆದರಿ ನೆಲ ನೋಡುತ್ತಿದ್ದವನು ಈಗ ಅವಳಿಗೆ ಹೆದರಿ ನೋಡುತ್ತಿದ್ದ.

ಇಳಿಜಾರಿನಲ್ಲಿ ಗುರುಗಳು ಮುಂದೆ, ಶಿಷ್ಯ ಹಿಂದೆ. ಗುಡಿಸಲಿನ ಹೊಗೆ ಇನ್ನೂ ಕಾಣುತ್ತಿತ್ತು.

“ಗುರುಗಳೇ, ದಾರಿಯಲ್ಲಿ ನಿಮಗೆ ಎದುರು ಮಾತಾಡಿದೆ.”

“ಮಾತಾಡಿದೆ. ನಿಜ ಇತ್ತು ಅದರಲ್ಲಿ. ನಿಯಮ ಇವತ್ತಿಗೆ ಮುಗೀತು.”

ಇನ್ನಷ್ಟು ದೂರ ನಡೆದರು. ದೇವರಾತನಿಗೆ ತಡೆಯಲಾಗಲಿಲ್ಲ. ಓಡಿಬಂದು ಗುರುಗಳ ಮುಂದೆ ಅಡ್ಡಬಿದ್ದ. ಎರಡು ಪಾದಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡ.

“ಊಟ ಇಳೀತಿಲ್ಲ, ನಿದ್ದೆ ಬರ್ತಿಲ್ಲ. ಎಷ್ಟು ದಿನ ಬೇಕಾದ್ರೂ ಉಪವಾಸ ಹಾಕಿ, ಏನು ಪ್ರಾಯಶ್ಚಿತ್ತ ಬೇಕಾದ್ರೂ ಹೇಳಿ. ನಾನು ಕೊಟ್ಟ ಕಷಾಯಕ್ಕೆ ನನ್ನನ್ನು ಕ್ಷಮಿಸಿದ್ದೀನಿ ಅಂತ ಒಂದು ಮಾತು ಹೇಳಿ, ಗುರುಗಳೇ.”

ಗುರುಗಳು ಕಾಲು ಬಿಡಿಸಿಕೊಂಡರು. ಅವರ ಮುಖ ಮತ್ತೆ ಕೆಂಪಾಗಿತ್ತು.

“ನನ್ನನ್ನು ಯಾಕೆ ಕೇಳ್ತೀಯೋ? ಕುಡಿದದ್ದು ನಾನಾ?”